ಮೊರಬದ ಪಡಸಾಲೆಯ ಬೆಳಕು

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನಲ್ಲಿರುವ ಮೊರಬವು ಎರೆಭೂಮಿಯ ಊರು. ಹಿಂಗಾರಿಯ ಕಾಲದಲ್ಲಿ ಇಲ್ಲಿಗೆ ಬಂದವರಿಗೆ ಮೊದಲು ಕಾಣುವುದು ವಿಶಾಲವಾದ ಬಯಲು, ಕಪ್ಪು ನೆಲ, ಜೋಳ ಕಡಲೆಗಳ ಹಸುರು ಮತ್ತು ಮಿತಿಯಿಲ್ಲದ ಬಿಸಿಲು. ಈ ಬಿಸಿಲಿಗೆ ಅಂಜಿಯೇ ಹಿರಿಯರು ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳನ್ನು ಕಟ್ಟಿದರು. ಒಳಗೆ ತಂಪು ಬೇಕಾದಷ್ಟು. ಬೆಳಕಾದರೋ ತಲೆಬಾಗಿಲಿನಿಂದಲೂ ಬೆಳಕಿಂಡಿಯಿಂದಲೂ ಬಂದಷ್ಟೇ. ಇಂತಹ ಮನೆಗಳು ಈಗ ಒಂದೊಂದಾಗಿ ಕಾಂಕ್ರೀಟಿನ ಮನೆಗಳಿಗೆ ಎಡೆಗೊಡುತ್ತಿವೆ. ಇರುವಾಗಲೇ ಅವುಗಳ ನಿಜವಾದ ಚಿತ್ರವನ್ನು ತೆಗೆದಿಡಬೇಕೆಂದು ನಾವು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋದೆವು.

ಈ ಕೆಲಸದ ತೊಡಕೇನೆಂಬುದನ್ನು ವಾಚಕರು ತಿಳಿಯತಕ್ಕದ್ದು. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಒಳಮನೆಯ ಮಬ್ಬು ಬೆಳಕು 100 ಲಕ್ಸಿಗೂ ಕಡಿಮೆಯಿರಬಹುದು. ಎಂದರೆ ಸಾವಿರ ಪಟ್ಟು ಅಂತರ. ನಮ್ಮ ಕಣ್ಣು ಒಳಗೂ ಹೊರಗೂ ಹೊರಳುತ್ತ ಹೊಂದಿಕೊಳ್ಳುವುದು. ಅಚ್ಚಾದ ಚಿತ್ರವು ಸುಮಾರು ನೂರು ಪಟ್ಟಿನ ಅಂತರವನ್ನಷ್ಟೇ ತೋರಿಸಬಲ್ಲುದು. ಬಾಗಿಲಾಚೆಯ ಹೊಲಕ್ಕೆ ಅಳವಡಿಸಿದರೆ ಒಳಗೆ ಕುಳಿತವರ ಮುಖ ಕತ್ತಲೆಯಲ್ಲಿ ಮುಳುಗುವುದು. ಮುಖಕ್ಕೆ ಅಳವಡಿಸಿದರೆ ಹೊಲವು ಬರಿಯ ಬಿಳುಪಾಗುವುದು.

ಈ ತೊಡಕು ಹೊಸದಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬವನು 1850ರ ದಶಕದಲ್ಲಿಯೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಚಿತ್ರದಲ್ಲಿ ಕೂಡಿಸಿದ್ದನು. 1997ರಲ್ಲಿ ಪಾಲ್ ಡೆಬೆವೆಕ್ ಹಾಗೂ ನಮ್ಮ ಮಥುರೆಯಲ್ಲಿ ಹುಟ್ಟಿದ ಜಿತೇಂದ್ರ ಮಲಿಕ್ ಎಂಬ ವಿದ್ವಾಂಸರು, ಒಂದೇ ದೃಶ್ಯದ ಹಲವು ಚಿತ್ರಗಳಿಂದ ಅದರ ಬೆಳಕಿನ ತಾರತಮ್ಯವನ್ನೆಲ್ಲ ಗಣಕಯಂತ್ರದಿಂದ ಲೆಕ್ಕಹಾಕುವ ಕ್ರಮವೊಂದನ್ನು ಪ್ರಕಟಿಸಿದರು. ಹಾಗೆ ದೊರೆತ ದೊಡ್ಡ ಅಂತರವನ್ನು ಕಾಗದದ ಅಥವಾ ಪರದೆಯ ಅಳತೆಗೆ ಇಳಿಸುವುದಕ್ಕೆ ‘ಟೋನ್ ಮ್ಯಾಪಿಂಗ್’ ಎಂದು ಹೆಸರು.

ಮೊರಬದ ಒಂದು ಮನೆಯಲ್ಲಿ ನಾವು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಸೆಕೆಂಡಿನ 1/500, 1/60, 1/8 ಅಂಶಗಳಂತೆ ಮೂರು ಚಿತ್ರಗಳನ್ನು ತೆಗೆದೆವು. ನವಲಗುಂದದ ಜಮಖಾನೆಯ ಮೇಲೆ ಕುಳಿತಿದ್ದ ಅಜ್ಜಿಯವರು ಅಲುಗದೆ ಸಹಕರಿಸಿದರು. ಅಲುಗಿದ್ದರೆ ಮೂರೂ ಕೂಡಿದಾಗ ಆಕೃತಿ ಇಮ್ಮಡಿಯಾಗಿ ಕಾಣುತ್ತಿತ್ತು. ಬಳಿಕ ಅಲ್ಲಿಯೇ ಎರಡು ಬಗೆಯಾಗಿ ಅವನ್ನು ಕೂಡಿಸಿ ನೋಡಿದೆವು.

ಮೊದಲನೆಯದರಲ್ಲಿ ನೆರಳನ್ನೆಲ್ಲ ಸಾಧ್ಯವಾದಷ್ಟು ಎತ್ತಿದೆವು. ಮೂಲೆಮೂಲೆಯೂ ಹೊಲದಷ್ಟೇ ಬೆಳಗಿತು. ಬಾಗಿಲ ಚೌಕಟ್ಟಿನ ಸುತ್ತ ಬಿಳಿಯ ಪ್ರಭೆಯೊಂದು ಮೂಡಿತು. ಜಮಖಾನೆಯ ಕೆಂಪು ಕೆಂಡದಂತಾಯಿತು. ಅದನ್ನು ಕಂಡು ಅಜ್ಜಿಯವರು ನಕ್ಕು, “ಇದು ನಮ್ಮ ಮನಿ ಅಲ್ಲರೀ. ನಮ್ಮ ಪಡಸಾಲ್ಯಾಗ ಇಷ್ಟು ಬೆಳಕ ಎಲ್ಲಿಂದ ಬಂತ್ರೀ?” ಎಂದರು. ಎರಡನೆಯದರಲ್ಲಿ ಮೂಲೆಗಳನ್ನು ಕತ್ತಲೆಗೇ ಬಿಟ್ಟು, ಮುಖವನ್ನೂ ಜಮಖಾನೆಯನ್ನೂ ಗುರುತು ಸಿಗುವಷ್ಟೇ ಎತ್ತಿ, ಹೊಲವನ್ನೇ ಎಲ್ಲಕ್ಕಿಂತ ಬೆಳಗಾಗಿ ಉಳಿಸಿದೆವು. ಅವರು ಕಣ್ಣು ಕಿರಿದು ಮಾಡಿ ನೋಡಿ, “ಹಾಂ, ಇದು ನಮ್ಮದರೀ,” ಎಂದರು.

ಈ ಮಾತಿನಲ್ಲಿಯೇ ವಿದ್ಯೆಯ ಸಾರವೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ. ಅಂತರವನ್ನು ಕಿರಿದು ಮಾಡಬಹುದು. ಬೆಳಕಿನ ಮೇಲು–ಕೆಳಗನ್ನು ಕೆಡಿಸಬಾರದು. ಇಂದಿನ ಎಷ್ಟೋ ಮೊಬೈಲು ಫೋನುಗಳು ಈ ಕೂಡಿಸುವಿಕೆಯನ್ನು ನಮ್ಮನ್ನು ಕೇಳದೆಯೇ ಮಾಡಿಬಿಡುವವು. ಆದುದರಿಂದ ಹಿರಿಯರ ಮನೆಯ ಚಿತ್ರವನ್ನು ತೆಗೆದ ಗೃಹಸ್ಥರು ಅದನ್ನು ಆ ಮನೆಯಲ್ಲಿ ಬಾಳಿದವರಿಗೊಮ್ಮೆ ತೋರಿಸಿ ಕೇಳುವುದು ಲೇಸು. ಬೇರೆಬೇರೆಯಾಗಿ ತೆಗೆದ ಮೂಲಚಿತ್ರಗಳಿದ್ದರೆ ಅವನ್ನೂ ಅಳಿಸದೆ ಕಾಯ್ದಿಡಬೇಕು. ಮನೆ ಹೋದ ಮೇಲೆ ಮೊಮ್ಮಕ್ಕಳಿಗೆ ಆ ಪಡಸಾಲೆ ಹೇಗಿತ್ತೆಂದು ಹೇಳಲು ಉಳಿಯುವುದು ಅವೇ.