ಸೋತು ಗೆಲ್ಲುವ ಲೆಕ್ಕ

ತಮ್ಮ ತಂಡ ಇವತ್ತೂ ಸೋಲಲಿ ಎಂದು ಹಾರೈಸುವ ಅಭಿಮಾನಿಗಳನ್ನು ಎಲ್ಲಾದರೂ ಕಂಡಿದ್ದೀರಾ? ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 2013ರಿಂದ 2016ರವರೆಗೆ ಅಂಥವರು ಬಹಳ ಮಂದಿ ಇದ್ದರು. ಅವರಿಗೇನೂ ತಲೆ ಕೆಟ್ಟಿರಲಿಲ್ಲ. ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಹಾಕಿಯೇ ಆ ತೀರ್ಮಾನಕ್ಕೆ ಬಂದಿದ್ದರು. ಅವರ ಪಕ್ಕದ ಕುರ್ಚಿಯಲ್ಲೇ ಕುಳಿತು, ಇದು ಆಟವೋ ವ್ಯಾಪಾರವೋ ಎಂದು ಸಿಡುಕುವವರೂ ಅಷ್ಟೇ ಮಂದಿ. ಜಗಳದ ವಿಷಯ ಒಂದೇ: ಬಿದ್ದುಹೋದ ಬ್ಯಾಸ್ಕೆಟ್‌ಬಾಲ್ ತಂಡವನ್ನು ಮತ್ತೆ ಕಟ್ಟುವುದು ಹೇಗೆ?

ತಂಡದ ಹೆಸರು ಸೆವೆಂಟಿಸಿಕ್ಸರ್ಸ್. ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776ರಲ್ಲಿ ಇದೇ ಊರಿನಲ್ಲಿ ಆದದ್ದರಿಂದ ಆ ಹೆಸರು. 1963ರಲ್ಲಿ ಸಿರಾಕ್ಯೂಸ್ ಎಂಬ ಪಟ್ಟಣದಿಂದ ಇಲ್ಲಿಗೆ ಬಂದ ತಂಡ 1967ರಲ್ಲಿ ವಿಲ್ಟ್ ಚೇಂಬರ್ಲಿನ್ ಬಲದಿಂದ, 1983ರಲ್ಲಿ ಜೂಲಿಯಸ್ ಎರ್ವಿಂಗ್ ಮತ್ತು ಮೋಸೆಸ್ ಮಲೋನ್ ಜೋಡಿಯಿಂದ ಎನ್‌ಬಿಎ ಚಾಂಪಿಯನ್ ಆಯಿತು. 2001ರಲ್ಲಿ ಅಲೆನ್ ಐವರ್ಸನ್ ಎಂಬ ಆರಡಿಯ ಆಟಗಾರ ತಂಡವನ್ನು ಒಬ್ಬನೇ ಹೊತ್ತಂತೆ ಹೊತ್ತು ಫೈನಲ್‌ಗೆ ಒಯ್ದ. ಅಲ್ಲಿಂದ ಇಳಿಜಾರು. 2012ರಲ್ಲಿ ಭಾರೀ ಬೆಲೆ ತೆತ್ತು ತಂದ ಆಂಡ್ರ್ಯೂ ಬೈನಮ್ ಮೊಣಕಾಲು ನೋವಿನಿಂದಾಗಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಆ ಋತುವಿನಲ್ಲಿ ಆಡಿದ 82 ಪಂದ್ಯಗಳಲ್ಲಿ ಗೆಲುವು 34, ಸೋಲು 48.

34 ಗೆಲುವು ಅಷ್ಟೇನೂ ಕೆಟ್ಟದ್ದಲ್ಲ ಎನ್ನಬಹುದು. ಆದರೆ ಆ ಲೀಗಿನಲ್ಲಿ ಅತಿ ಕೆಟ್ಟ ಜಾಗವೆಂದರೆ ಕೊನೆಯ ಸ್ಥಾನವಲ್ಲ, ನಡುವಿನ ಸ್ಥಾನ. ಕಾರಣ ಅಲ್ಲಿನ ನಿಯಮ. ನಮ್ಮ ಐಪಿಎಲ್‌ನಂತೆ ಅಲ್ಲಿ ಹೊಸ ಆಟಗಾರರ ಹರಾಜು ಇಲ್ಲ. ಡ್ರಾಫ್ಟ್ ಎಂಬ ಪದ್ಧತಿ. ಕಾಲೇಜುಗಳಿಂದ, ಹೊರದೇಶಗಳಿಂದ ಬರುವ ಯುವಕರನ್ನು ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಸೋತವರಿಗೆ ಸರದಿ ಮೊದಲು. ಬಡವನಿಗೆ ಮೊದಲ ತುತ್ತು ಎಂಬ ನ್ಯಾಯ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಕೊನೆಗೆ ಬಿದ್ದ ತಂಡವನ್ನು ಕೆಳದರ್ಜೆಗೆ ತಳ್ಳುತ್ತಾರೆ. ಇಲ್ಲಿ ಬಹುಮಾನ ಕೊಡುತ್ತಾರೆ. ಹಾಗಿರುವಾಗ ಯಾರಿಗಾದರೂ ದುರ್ಬುದ್ಧಿ ಹುಟ್ಟದೆ ಇರುತ್ತದೆಯೇ?

ಹುಟ್ಟಿತು. ಅದನ್ನು ತಡೆಯಲೆಂದೇ 1985ರಿಂದ ಲಾಟರಿ ಬಂತು. ಅದರ ವಿಧಾನ ಬಲು ಸೊಗಸು. ಯಂತ್ರದೊಳಗೆ 1ರಿಂದ 14ರವರೆಗೆ ಅಂಕಿ ಬರೆದ ಪಿಂಗ್‌ಪಾಂಗ್ ಚೆಂಡುಗಳು. ಅದರಿಂದ ನಾಲ್ಕು ಹೊರಗೆ ಬರಬೇಕು. 14ರಿಂದ 4 ಆರಿಸುವ ಬಗೆಗಳೆಷ್ಟು? ವಿಕಲ್ಪದ ಪಾಠ ಓದಿದವರು ಮಾಡಿ ನೋಡಲಿ: 14, 13, 12, 11ರ ಗುಣಲಬ್ಧ 24,024. ಅದನ್ನು 24ರಿಂದ ಭಾಗಿಸಿದರೆ 1,001. ಒಂದನ್ನು ಬದಿಗಿಟ್ಟು ಉಳಿದ 1,000 ಗುಂಪುಗಳನ್ನು ಮುಂದಿನ ಸುತ್ತಿಗೆ ಹೋಗದ 14 ತಂಡಗಳಿಗೆ ಹಂಚುತ್ತಾರೆ. ಆಗಿನ ನಿಯಮದಂತೆ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ 250. ಅಂದರೆ ಮೊದಲ ಆಯ್ಕೆ ಸಿಗುವ ಸಂಭವ ಶೇಕಡಾ 25. ಅದೇ ತಂಡ ನಾಲ್ಕನೆಯ ಸ್ಥಾನಕ್ಕೆ ಜಾರುವ ಸಂಭವ ಶೇಕಡಾ 35.7! ಇಡೀ ವರ್ಷ ಸೋತು ಸುಣ್ಣವಾದರೂ ಮೊದಲನೆಯದಕ್ಕಿಂತ ನಾಲ್ಕನೆಯದು ಸಿಗುವ ಸಾಧ್ಯತೆಯೇ ಹೆಚ್ಚು. ಜಗಳಗಂಟರಲ್ಲಿ ಅರ್ಧ ಜನ ಈ ಎರಡನೆಯ ಅಂಕಿಯನ್ನು ಮರೆತೇ ಮಾತಾಡುತ್ತಿದ್ದರು.

2013ರ ಮೇ ತಿಂಗಳಿನಲ್ಲಿ ಸ್ಯಾಮ್ ಹಿಂಕಿ ಎಂಬಾತ ತಂಡದ ಜನರಲ್ ಮ್ಯಾನೇಜರ್ ಆಗಿ ಬಂದ. ಅಂಕಿಸಂಖ್ಯೆಗಳ ಮನುಷ್ಯ. ಮರುತಿಂಗಳೇ, ಆ ವರ್ಷ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದ 23 ವರ್ಷದ ಜ್ರೂ ಹಾಲಿಡೇಯನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟುಬಿಟ್ಟ. ಬದಲಿಗೆ ಬಂದದ್ದು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡಿದ್ದ ನೆರ್ಲೆನ್ಸ್ ನೋಯೆಲ್ ಎಂಬ ಹುಡುಗ ಮತ್ತು ಮುಂದಿನ ವರ್ಷದ ಒಂದು ಆಯ್ಕೆಯ ಹಕ್ಕು. ಬೆಳೆದು ನಿಂತ ಮರ ಕೊಟ್ಟು ಬೀಜ ತಂದ ಹಾಗೆ. 2014ರಲ್ಲಿ ಮೂರನೆಯ ಆಯ್ಕೆಯಿಂದ ಕ್ಯಾಮರೂನ್ ದೇಶದ ಏಳಡಿ ಹುಡುಗ ಜೋಯೆಲ್ ಎಂಬೀಡ್‌ನನ್ನು ತಂದರು. ಅವನ ಪಾದದ ಮೂಳೆ ಮುರಿದಿತ್ತು. ಎರಡು ಋತು ಅವನು ಅಂಗಳಕ್ಕೆ ಇಳಿಯಲೇ ಇಲ್ಲ. ಈ ಅವಧಿಯಲ್ಲಿ ತಂಡದ ಗೆಲುವುಗಳು ಕ್ರಮವಾಗಿ 19, 18, 10. ಮೂರು ಋತುಗಳ 246 ಪಂದ್ಯಗಳಲ್ಲಿ 47 ಗೆಲುವು, 199 ಸೋಲು! ಒಮ್ಮೆ ಸತತ 26 ಸೋಲು; ಇನ್ನೊಮ್ಮೆ ಎರಡು ಋತುಗಳನ್ನು ಸೇರಿಸಿ ಸತತ 28.

ಈ ಯೋಜನೆಗೆ ಊರಿನಲ್ಲಿ ಬಿದ್ದ ಹೆಸರು 'ಪ್ರೊಸೆಸ್', ಪ್ರಕ್ರಿಯೆ. 'ಪ್ರಕ್ರಿಯೆಯನ್ನು ನಂಬಿ' ಎಂಬುದು ಮೊದಲು ಒಂದು ಮಾತಾಗಿ, ಆಮೇಲೆ ಘೋಷಣೆಯಾಗಿ, ಕೊನೆಗೆ ಅರ್ಧ ಭಕ್ತಿ ಅರ್ಧ ಕುಚೋದ್ಯದ ಮಂತ್ರವೇ ಆಗಿಹೋಯಿತು.

ನಂಬಿದವರ ವಾದ ಹೀಗಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಗಳದಲ್ಲಿರುವುದು ಐದೇ ಜನ. ಹನ್ನೊಂದು ಜನರ ಆಟದಲ್ಲಿ ಒಬ್ಬ ಮಹಾಪ್ರತಿಭೆ ಹನ್ನೊಂದರಲ್ಲಿ ಒಂದು ಪಾಲು. ಇಲ್ಲಿ ಐದರಲ್ಲಿ ಒಂದು. ಮೇಲಾಗಿ ಅಂತಿಮ ಸುತ್ತುಗಳಲ್ಲಿ ಏಳು ಪಂದ್ಯಗಳ ಸರಣಿ. ಪಂದ್ಯ ಹೆಚ್ಚಿದಷ್ಟೂ ಅದೃಷ್ಟದ ಪಾತ್ರ ಕಡಿಮೆ, ನಿಜವಾದ ಬಲ ಮೇಲೆ ಬರುತ್ತದೆ. ಆದ್ದರಿಂದ ಮಹಾಪ್ರತಿಭೆಯಿಲ್ಲದೆ ಕಪ್ ಇಲ್ಲ. ಅಂಥವನು ಮೊದಲ ಕೆಲವು ಆಯ್ಕೆಗಳಲ್ಲಿ ಸಿಗುವುದೇ ಹೆಚ್ಚು. ಸ್ಯಾನ್ ಆಂಟೋನಿಯೊ ತಂಡ 1996-97ರಲ್ಲಿ ಬರೇ 20 ಗೆದ್ದು, ಲಾಟರಿಯಲ್ಲಿ ಟಿಮ್ ಡಂಕನ್‌ನನ್ನು ಪಡೆದು, 1999ರಲ್ಲಿ ಚಾಂಪಿಯನ್ ಆಗಲಿಲ್ಲವೇ?

ವಿರೋಧಿಗಳ ಉತ್ತರವೂ ಸಣ್ಣದಲ್ಲ. ಸ್ಯಾನ್ ಆಂಟೋನಿಯೊ ಸೋತದ್ದು ಡೇವಿಡ್ ರಾಬಿನ್ಸನ್ ಗಾಯಗೊಂಡದ್ದರಿಂದ, ಸೋಲುವ ಸಂಕಲ್ಪದಿಂದಲ್ಲ. ಡಂಕನ್ ಬಂದಾಗ ಅವನ ಪಕ್ಕದಲ್ಲಿ ನಿಲ್ಲಲು ಆಟ ಬಲ್ಲ ಹಿರಿಯರಿದ್ದರು. ಬೀಜ ಒಂದಿದ್ದರೆ ಸಾಲದು, ನೆಲ ಹದವಾಗಿರಬೇಕು. ದಿನಾ ಸೋಲುವ ಕೋಣೆಯಲ್ಲಿ ಬೆಳೆದ ಹುಡುಗ ಗೆಲ್ಲುವುದನ್ನು ಕಲಿಯುವುದು ಯಾರಿಂದ?

ಈ ವಾದದಲ್ಲಿ ಹುರುಳಿದೆ. ಆದರೆ ಇಬ್ಬರೂ ಅಷ್ಟಾಗಿ ಎತ್ತದ ಪ್ರಶ್ನೆ ಮತ್ತೊಂದಿತ್ತು: ಕಾಯುವ ಬೆಲೆಯನ್ನು ತೆರುವವರು ಯಾರು?

ತಂಡದ ಒಡೆಯರಲ್ಲ, ಸೋತ ವರ್ಷಗಳಲ್ಲೂ ಟೆಲಿವಿಷನ್ ಹಣದ ಪಾಲು ಅವರಿಗೆ ಬರುತ್ತದೆ. 1983ನ್ನು ಕಣ್ಣಾರೆ ಕಂಡ ತಂದೆಯೂ ಅಲ್ಲ. ಅವರಿಗೆ ನೆನೆದುಕೊಳ್ಳಲು ಏನಾದರೂ ಇದೆ. 2013ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನನ್ನು ನೆನೆಯಿರಿ. ತಂಡ ಮತ್ತೆ 52 ಪಂದ್ಯ ಗೆದ್ದದ್ದು 2017-18ರಲ್ಲಿ. ಅಷ್ಟರಲ್ಲಿ ಅವನಿಗೆ ಹದಿನೈದು. ಹತ್ತರಿಂದ ಹದಿನೈದು, ಆಟದ ಹುಚ್ಚು ಹಿಡಿಯುವ ವಯಸ್ಸು. ಅದು ಎರಡನೆಯ ಸಲ ಬರುವುದಿಲ್ಲ. ಇನ್ನು ಆಟಗಾರರು. ಹತ್ತು ದಿನದ ಗುತ್ತಿಗೆಯ ಮೇಲೆ ಬಂದು ಹೋದ ಯುವಕರೆಷ್ಟೋ! ಒಬ್ಬರೂ ಸೋಲಲೆಂದು ಆಡಲಿಲ್ಲ ಎಂಬುದನ್ನು ಮರೆಯಬಾರದು. ಸೋಲುವ ಯೋಜನೆ ಕಚೇರಿಯದು. ಅಂಗಳದಲ್ಲಿದ್ದವರು ತಮ್ಮ ಅನ್ನಕ್ಕಾಗಿ ಮೈಮುರಿದು ಆಡುತ್ತಿದ್ದರು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಟಿ. ಜೆ. ಮೆಕ್‌ಕಾನೆಲ್ 2015ರಲ್ಲಿ ಈ ತಂಡಕ್ಕೆ ಬಂದು ಜನರ ಮೆಚ್ಚುಗೆಯ ಆಟಗಾರನಾದ. ಹತ್ತು ವರ್ಷದ ನಂತರ, 2025ರಲ್ಲಿ, ಇಂಡಿಯಾನಾ ತಂಡದೊಂದಿಗೆ ಫೈನಲ್ ಆಡಿದ. ಯಾವ ಲಾಟರಿಯ ಚೆಂಡೂ ಅವನನ್ನು ತಂದದ್ದಲ್ಲ.

ತರಬೇತುದಾರ ಬ್ರೆಟ್ ಬ್ರೌನ್‌ನ ಸ್ಥಿತಿ ಇನ್ನೂ ವಿಚಿತ್ರ. ಗೆಲ್ಲಿಸಬೇಕೆಂದು ಸಂಬಳ, ಗೆಲ್ಲಲಾಗದ ತಂಡ. ಆತ ಆ ಮೂರು ವರ್ಷ ಪ್ರತಿದಿನ ಪಾಠ ಹೇಳಿಕೊಟ್ಟ. ಈ ಕಥೆಯಲ್ಲಿ ಎಲ್ಲರಿಗಿಂತ ಗೌರವಕ್ಕೆ ಪಾತ್ರನಾದವನು ಆತನೇ ಏನೋ.

2015ರ ಡಿಸೆಂಬರ್ 1ರಂದು ಲಾಸ್ ಏಂಜಲೀಸ್ ಲೇಕರ್ಸ್ ಊರಿಗೆ ಬಂತು. ಕೋಬಿ ಬ್ರಯಂಟ್ ತನ್ನ ಹುಟ್ಟೂರಾದ ಫಿಲಡೆಲ್ಫಿಯಾದಲ್ಲಿ ಆಡುತ್ತಿದ್ದ ಕೊನೆಯ ಪಂದ್ಯ. ಅಲ್ಲಿಯವರೆಗೆ ಆ ಋತುವಿನ 18 ಪಂದ್ಯಗಳಲ್ಲಿ 18ನ್ನೂ ಸೋತಿದ್ದ ತಂಡ ಅಂದು 103-91ರಿಂದ ಗೆದ್ದುಬಿಟ್ಟಿತು. ಒಂದು ಗೆಲುವಿಗೆ ಜನ ಹಬ್ಬ ಮಾಡಿದರು. ಲೆಕ್ಕದ ಪ್ರಕಾರ ಅದು ನಷ್ಟ. ಜನ ಲೆಕ್ಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು.

ಒಡೆಯರ ತಾಳ್ಮೆ ಅಷ್ಟು ಹೊತ್ತಿಗೆ ಮುಗಿದಿತ್ತು. ಆ ತಿಂಗಳೇ ಜೆರ್ರಿ ಕೊಲಾಂಜೆಲೊ ಎಂಬ ಹಿರಿಯರನ್ನು ಹಿಂಕಿಯ ಮೇಲೆ ತಂದು ಕೂರಿಸಿದರು. 2016ರ ಏಪ್ರಿಲ್ 6ರಂದು ಹಿಂಕಿ 13 ಪುಟಗಳ ಪತ್ರ ಬರೆದಿಟ್ಟು ರಾಜೀನಾಮೆ ಕೊಟ್ಟ. ಆಟಕ್ಕಿಂತ ಹೆಚ್ಚಾಗಿ ವಾರನ್ ಬಫೆಟ್‌ನಂಥವರ ಪ್ರಸ್ತಾಪವಿದ್ದ ಆ ಪತ್ರವನ್ನು ಕೆಲವರು ಗ್ರಂಥದಂತೆ ಓದಿದರು, ಕೆಲವರು ಓದಿ ನಕ್ಕರು. ಆರು ವಾರದೊಳಗೆ ಲಾಟರಿ ನಡೆಯಿತು. ಮೊದಲ ಆಯ್ಕೆ ಫಿಲಡೆಲ್ಫಿಯಾಕ್ಕೆ! ನೆಟ್ಟವನು ಹೋದ ಮೇಲೆ ಹೂ ಬಿಟ್ಟಂತಾಯಿತು. ಆ ಆಯ್ಕೆಯಿಂದ ಆಸ್ಟ್ರೇಲಿಯಾದ ಬೆನ್ ಸಿಮನ್ಸ್ ಬಂದ. ಆ ಅಕ್ಟೋಬರ್‌ನಲ್ಲಿ ಎಂಬೀಡ್ ಕೊನೆಗೂ ಅಂಗಳಕ್ಕಿಳಿದ. ಆತ 'ಪ್ರಕ್ರಿಯೆ' ಎಂಬುದನ್ನೇ ತನ್ನ ಅಡ್ಡಹೆಸರಾಗಿಸಿಕೊಂಡ. 2023ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನೂ ಆದ.

ಹಾಗಾದರೆ ಪ್ರಯೋಗ ಗೆದ್ದಿತೇ? ಇಲ್ಲಿ ಎರಡೂ ಕಡೆಯವರ ಕೈಯಲ್ಲಿ ಸಾಕ್ಷ್ಯಗಳು ಬೇಕಾದಷ್ಟು. 2013ರಲ್ಲಿ ಫಿಲಡೆಲ್ಫಿಯಾ ತನ್ನ 11ನೆಯ ಸರದಿಯಲ್ಲಿ ಮೈಕೆಲ್ ಕಾರ್ಟರ್-ವಿಲಿಯಮ್ಸ್‌ನನ್ನು ಆರಿಸಿತು. 15ನೆಯವನಾಗಿ ಮಿಲ್ವಾಕೀಗೆ ಹೋದವನು ಗ್ರೀಸಿನ ಯಾನಿಸ್ ಆಂಟೆಟೊಕೂಂಪೊ. 2014ರಲ್ಲಿ ಎಂಬೀಡ್ ಮೂರನೆಯವನು. ಅದೇ ವರ್ಷ 41ನೆಯವನಾಗಿ ಡೆನ್ವರ್‌ಗೆ ಸಿಕ್ಕವನು ನಿಕೊಲಾ ಯೋಕಿಚ್. ಯಾನಿಸ್ 2021ರಲ್ಲಿ, ಯೋಕಿಚ್ 2023ರಲ್ಲಿ ತಮ್ಮ ತಂಡಗಳಿಗೆ ಕಪ್ ತಂದುಕೊಟ್ಟರು. ಸರದಿ ಮುಂದಿದ್ದರೆ ಸಾಲದು, ಕಣ್ಣು ಬೇಕು ಎನ್ನುತ್ತಾರೆ ವಿರೋಧಿಗಳು. ಹಿಂಕಿ ಹೋದ ಮೇಲೆ ಬಂದವರೇ ಕೆಡಿಸಿದರು ಎನ್ನುತ್ತಾರೆ ಭಕ್ತರು. 2017ರಲ್ಲಿ ಬೋಸ್ಟನ್ ಜೊತೆ ಸರದಿ ಬದಲಿಸಿಕೊಂಡು ಮೊದಲ ಆಯ್ಕೆಯಿಂದ ಮಾರ್ಕೆಲ್ ಫುಲ್ಟ್ಜ್‌ನನ್ನು ತಂದದ್ದು, ಅವನ ಭುಜ ಕೈಕೊಟ್ಟದ್ದು, ಬೋಸ್ಟನ್‌ಗೆ ಜೇಸನ್ ಟೇಟಮ್ ದಕ್ಕಿದ್ದು ಅವರ ಸಾಕ್ಷ್ಯ. 2024ರಲ್ಲಿ ಬೋಸ್ಟನ್ ಚಾಂಪಿಯನ್ ಆದಾಗ ಆ ತಂಡದಲ್ಲಿ ಟೇಟಮ್ ಇದ್ದ. ಜೊತೆಗೆ, ಹಿಂಕಿ ಮೊದಲ ದಿನಗಳಲ್ಲೇ ಕೊಟ್ಟುಬಿಟ್ಟಿದ್ದ ಜ್ರೂ ಹಾಲಿಡೇ ಕೂಡ ಇದ್ದ!

ಪ್ರಯೋಗಾಲಯದಲ್ಲಾದರೆ ಇದನ್ನು ಬಗೆಹರಿಸಬಹುದಿತ್ತು. ಎರಡು ಕುಂಡದಲ್ಲಿ ಒಂದೇ ಬೀಜ ಹಾಕಿ, ಒಂದಕ್ಕೆ ಬೆಳಕು ಕೊಟ್ಟು ಇನ್ನೊಂದನ್ನು ಕತ್ತಲಲ್ಲಿಟ್ಟು, ನೂರು ಸಲ ಮಾಡಿ ನೋಡಬಹುದಿತ್ತು. ಇಲ್ಲಿ ಕುಂಡ ಒಂದೇ, ಸಲವೂ ಒಂದೇ. ಸರಿಯಾದ ಲೆಕ್ಕ ಹಾಕಿದವನೂ ಸೋಲಬಹುದು, ತಪ್ಪು ಲೆಕ್ಕದವನೂ ಗೆಲ್ಲಬಹುದು. ಫಲಿತಾಂಶ ನೋಡಿ ತೀರ್ಮಾನವನ್ನು ಅಳೆಯುವುದು ಎಷ್ಟು ಸಹಜವೋ ಅಷ್ಟೇ ಅಪಾಯ.

2019ರ ಮೇ 12. ಟೊರಾಂಟೊದಲ್ಲಿ ಸರಣಿಯ ಏಳನೆಯ ಪಂದ್ಯ, ಅಂಕ 90-90. ಗಡಿಯಾರ ಮುಗಿಯುವ ಕ್ಷಣದಲ್ಲಿ ಕವಾಯ್ ಲೆನರ್ಡ್ ಬಲಮೂಲೆಯಿಂದ, ಎಂಬೀಡ್‌ನ ಚಾಚಿದ ಕೈಯ ಮೇಲಿಂದ ಚೆಂಡು ಎಸೆದ. ಬಳೆಯ ವ್ಯಾಸ 18 ಅಂಗುಲ, ಚೆಂಡಿನದು ಒಂಬತ್ತೂವರೆಗೆ ಹತ್ತಿರ. ಚೆಂಡು ಬಳೆಯ ಅಂಚಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಎಂಬೀಡ್ ಅಳುತ್ತಾ ಅಂಗಳದಿಂದ ಹೊರನಡೆದ. ಆ ವರ್ಷದ ಕಪ್ ಟೊರಾಂಟೊ ಪಾಲಾಯಿತು. ನಾಲ್ಕನೆಯ ಪುಟಿತ ಅರ್ಧ ಅಂಗುಲ ಆಚೆಗಿದ್ದರೆ ಇಂದು ಹಿಂಕಿಯ ಪತ್ರವನ್ನು ಕಾಲೇಜುಗಳಲ್ಲಿ ಪಠ್ಯವಾಗಿ ಓದಿಸುತ್ತಿದ್ದರೋ ಏನೋ!

ಅದೇ ವರ್ಷದಿಂದ ಲೀಗ್ ಲಾಟರಿಯ ಅಂಕಿಗಳನ್ನೂ ಬದಲಿಸಿತು. ಕೊನೆಯ ಮೂರು ತಂಡಗಳಿಗೂ ಸಮಾನವಾಗಿ ಶೇಕಡಾ 14. ಫಿಲಡೆಲ್ಫಿಯಾ ನೆನಪಿನಲ್ಲೇ ಆ ತಿದ್ದುಪಡಿ ಎಂದು ಎಲ್ಲರೂ ಅಂದುಕೊಂಡರು.

2001ರ ನಂತರ 2025ರವರೆಗೂ ತಂಡ ಎರಡನೆಯ ಸುತ್ತು ದಾಟಲಿಲ್ಲ. 2024-25ರಲ್ಲಿ ಎಂಬೀಡ್ ಗಾಯದಿಂದಾಗಿ ಆಡಿದ್ದು 19 ಪಂದ್ಯ; ಗೆಲುವು 24ಕ್ಕೆ ಕುಸಿಯಿತು. ಹಳೆಯ ಕರಾರೊಂದರಂತೆ, ಲಾಟರಿಯಲ್ಲಿ ಮೊದಲ ಆರರೊಳಗೆ ಬಂದರೆ ಮಾತ್ರ ಆಯ್ಕೆಯ ಹಕ್ಕು ತಮ್ಮದು, ಇಲ್ಲವಾದರೆ ಒಕ್ಲಹೋಮ ಸಿಟಿಗೆ. ಸರಿ, ಮತ್ತೆ ಅದೇ ಪ್ರಾರ್ಥನೆ: ಇವತ್ತೂ ಸೋಲಲಿ! 2013ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ ಆಗ ಇಪ್ಪತ್ತೆರಡು. ಲಾಟರಿ ನಡೆದದ್ದು 2025ರ ಮೇ 12ರಂದು, ಆ ನಾಲ್ಕು ಪುಟಿತಗಳಾಗಿ ಸರಿಯಾಗಿ ಆರು ವರ್ಷಕ್ಕೆ. ಶೇಕಡಾ 1.8 ಸಂಭವವಿದ್ದ ಡಲ್ಲಾಸ್‌ಗೆ ಮೊದಲ ಸ್ಥಾನ ಸಿಕ್ಕಿತು. ಫಿಲಡೆಲ್ಫಿಯಾಕ್ಕೆ ಬಂದದ್ದು ಮೂರನೆಯದು.