ಮುಂಬಲ್ಲಿನ ಪ್ರಸಂಗ

ಕಳೆದ ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮೇಲಿನ ಮುಂಬಲ್ಲುಗಳೆರಡನ್ನು ಕಳೆದುಕೊಂಡೆನು. ವ್ಯಾಕರಣಕಾರರು ತವರ್ಗವನ್ನು ದಂತ್ಯವೆಂದು ಕರೆದುದೇಕೆಂಬುದು ಅಂದೇ ಮನವರಿಕೆಯಾಯಿತು. ಮೊಮ್ಮಗಳಿಗೆ ರಾಮಾಯಣದ ಕಥೆಯನ್ನೋದಹೋದರೆ ‘ಸೀತೆ’ ಎಂಬುದು ಬರಿಯ ಗಾಳಿಯಾಗಿ ಹೊರಟಿತು. ಮಗು ನಕ್ಕಿತು; ನಾನು ಪುಸ್ತಕವನ್ನು ಮುಚ್ಚಿಟ್ಟೆನು.

ದಂತವೈದ್ಯರು ಮೂರು ದಾರಿಗಳನ್ನು ಹೇಳಿದರು. ರಾತ್ರಿ ತೆಗೆದಿಡುವ ಹಲ್ಲಿನ ಸೆಟ್ಟು ಅಗ್ಗದ್ದು. ಬ್ರಿಜ್ಜಾದರೆ ಇಕ್ಕೆಲದ ಹಲ್ಲುಗಳನ್ನು ತೇದು ಕಿರಿದುಮಾಡಿ ಅವುಗಳ ಮೇಲೆ ಕೂರಿಸತಕ್ಕದ್ದು. ಮೂರನೆಯದು ಇಂಪ್ಲಾಂಟು, ದವಡೆಯೆಲುಬಿಗೆ ಟೈಟೇನಿಯಂ ತಿರುಪುಮೊಳೆ. ಸ್ವೀಡನ್ನಿನ ಬ್ರೋನೆಮಾರ್ಕರು 1965ರಲ್ಲಿ ಮನುಷ್ಯನಿಗೆ ಇಟ್ಟು ತೋರಿಸಿದ್ದು. ಎಲುಬು ಅದನ್ನು ಕಚ್ಚಿಕೊಳ್ಳಲು ಕೆಲವು ತಿಂಗಳುಗಳೇ ಬೇಕು; ವೆಚ್ಚವೂ ಹೆಚ್ಚು.

“ಗಟ್ಟಿಯಾಗಿರುವ ಹಲ್ಲನ್ನೇಕೆ ತೇಯಿಸುವಿರಿ?” ಎಂದಳು ನನ್ನಾಕೆ. ನನಗೂ ಅದೇ ಸರಿತೋರಿತು. ಮೊಳೆಯನ್ನಿಡಿಸಿಕೊಂಡು, ಅದು ಬಲಿಯುವವರೆಗೆ ಸೆಟ್ಟಿನಲ್ಲಿ ಕಾಲ ನೂಕುತ್ತಿದ್ದೇನೆ. ನಿನ್ನೆ ಸೀತೆ ಕಾಡಿಗೆ ಹೋದಳು, ಮಗು ನಗಲಿಲ್ಲ.