ಕೆಸರಿಗೆ ಹೊಂದಿಸಿದ ಬೈಕುಗಳು

ಯೆಜ್ಡಿಯ ಚೈನು ಹೊರಗೆ ಕಾಣುತ್ತಿರಲಿಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೂ ಅದಕ್ಕೆ ಕವಚವಿತ್ತು. ಹಿಂದೆ ತಗಡಿನ ಡಬ್ಬಿ, ನಡುವೆ ರಬ್ಬರಿನ ಎರಡು ಕೊಳವೆ. ಮಲೆನಾಡಿನ ಕಾಫಿ ತೋಟಗಳ ಉಸ್ತುವಾರಿ ನೋಡುವ ರೈಟರುಗಳು ಆ ಬೈಕಿಗೆ ಯಾಕೆ ಅಷ್ಟು ಅಂಟಿಕೊಂಡಿದ್ದರು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕವಚದ ವಿಷಯ. ಶಬ್ದ, ಗತ್ತು ಎಲ್ಲ ಆಮೇಲೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ತೋಟದ ದಾರಿಯಲ್ಲಿ ಮೀನಖಂಡ ಮುಳುಗುವ ಕೆಸರು. ಬೇರೆ ಬೈಕುಗಳ ಚೈನು, ಸ್ಪ್ರಾಕೆಟ್ಟು ಒಂದೇ ಮಳೆಗಾಲಕ್ಕೆ ಹಲ್ಲು ಸವೆದು ಗ್ಯಾರೇಜಿಗೆ ಬರುತ್ತಿದ್ದವು. ಯೆಜ್ಡಿಯದ್ದು ಮುಟ್ಟದೆ ವರ್ಷಗಟ್ಟಲೆ ಓಡುತ್ತಿತ್ತು.

ನನ್ನ ಸೋದರಮಾವನ ಗ್ಯಾರೇಜು ಚಿಕ್ಕಮಗಳೂರಿನ ಕೆ.ಎಂ. ರಸ್ತೆಯ ಬದಿಯಲ್ಲಿತ್ತು. ಹೈಸ್ಕೂಲಿನ ರಜೆಗಳನ್ನೆಲ್ಲ ನಾನು ಅಲ್ಲಿ ಪಾನಾ ಎತ್ತಿಕೊಡುತ್ತ, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತ ಕಳೆದೆ. ಆಗ ಎಂಬತ್ತರ ದಶಕ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನೂ ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನವನ್ನೂ ತಯಾರಿಸುತ್ತಿತ್ತು. ಹಾಗಾಗಿ ಬಿಡಿಭಾಗಕ್ಕೆ ನಮಗೆ ಬರ ಇರಲಿಲ್ಲ. ಬೆಳಿಗ್ಗೆ ಮೈಸೂರಿನ ಬಸ್ಸಿನವರಿಗೆ ಚೀಟಿ ಕೊಟ್ಟರೆ ಮಾರನೆಯ ದಿನ ಪಿಸ್ಟನ್ನೋ ಕ್ಲಚ್ ಪ್ಲೇಟೋ ಬಂದಿರುತ್ತಿತ್ತು.

ಆದರೆ ಅಂಗಡಿಯಲ್ಲಿ ಸಿಗದ ವಸ್ತುಗಳೂ ಇದ್ದವು. ಅವನ್ನು ಮಾವ ತಾವೇ ಮಾಡುತ್ತಿದ್ದರು. ಮುಂದಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎರಡು ಬೆರಳಷ್ಟು ಜಾಗ. ಅದರೊಳಗೆ ಜೇಡಿಮಣ್ಣು ತುಂಬಿಕೊಂಡರೆ ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಮಾವ ಮಡ್‌ಗಾರ್ಡಿನ ಕಾಲುಗಳನ್ನು ಕತ್ತರಿಸಿ, ಕಬ್ಬಿಣದ ಪಟ್ಟಿ ಬೆಸೆದು ಅದನ್ನು ಮೇಲಕ್ಕೆತ್ತುತ್ತಿದ್ದರು. ಎಂಜಿನ್ನಿನ ಅಡಿಗೆ ದಪ್ಪ ತಗಡನ್ನು ಬಗ್ಗಿಸಿ ಕೂರಿಸುತ್ತಿದ್ದರು, ಕಲ್ಲು ಬಡಿದರೆ ಕ್ರ್ಯಾಂಕ್‌ಕೇಸ್ ಒಡೆಯಬಾರದೆಂದು. ಏರು ಹತ್ತಲು ಹಿಂದಿನ ಸ್ಪ್ರಾಕೆಟ್ಟಿಗೆ ಹಲ್ಲು ಹೆಚ್ಚಿಸುವುದು ಲೇತ್ ಅಂಗಡಿಯವರ ಜೊತೆ ಕೂತು ಮಾಡಿಸುವ ಕೆಲಸ. ಮುಂದಿನ ಫೋರ್ಕು ಕುಸಿದು ತಳ ಬಡಿಯುತ್ತಿದ್ದರೆ ನೀರಿನ ಪೈಪಿನಿಂದ ಒಂದು ತುಂಡು ಕೊಯ್ದು ಸ್ಪ್ರಿಂಗಿನ ಮೇಲಿಡುತ್ತಿದ್ದರು, ಒಳಗಿನ ಆಯಿಲ್ ಒಂದಿಷ್ಟು ಮಂದ ಹಾಕುತ್ತಿದ್ದರು. ಇವತ್ತು ಪ್ರೀಲೋಡ್ ಹೊಂದಾಣಿಕೆ ಎಂದು ಹಣ ಕೊಟ್ಟು ಕೊಳ್ಳುವುದರ ಮೂಲಕೆಲಸ ಆ ಪೈಪಿನ ತುಂಡಿನದೇ.

ಹಳ್ಳ ದಾಟುವಾಗ ನೀರು ಕುಡಿದ ಯೆಜ್ಡಿ ದಿನಕ್ಕೊಂದಾದರೂ ಬರುತ್ತಿತ್ತು. ಪಾಯಿಂಟ್ ಒದ್ದೆಯಾದರೆ ಕಿಡಿ ಇಲ್ಲ. ಮಾವ ಕವರ್ ಬಿಚ್ಚಿ ಪಾಯಿಂಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಗ್ಯಾಪ್ ನೋಡಿ, ಪ್ಲಗ್ಗಿನ ಟೋಪಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು ಕಳಿಸುತ್ತಿದ್ದರು. "ರೈಟ್ರೇ, ಹಳ್ಳದಲ್ಲಿ ನಿಂತುಹೋದ್ರೆ ಕಿಕ್ ಹೊಡೀಬೇಡಿ. ತಳ್ಕೊಂಡು ದಡಕ್ಕೆ ತನ್ನಿ, ಪ್ಲಗ್ ಬಿಚ್ಚಿ, ಆಮೇಲೆ ಹೊಡೀರಿ" ಎಂಬುದು ಅವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದ ಮಾತು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಬಾಗುವುದು ಕನೆಕ್ಟಿಂಗ್ ರಾಡು. ಆ ಮಾತು ಇವತ್ತಿನ ಲಕ್ಷಗಟ್ಟಲೆ ಬೆಲೆಯ ಬೈಕಿಗೂ ಹಾಗೆಯೇ ಸಲ್ಲುತ್ತದೆ.

1985ರಲ್ಲಿ ಆರ್‌ಎಕ್ಸ್ 100 ಬೈಕು ಬಂತು. ನೂರು ಕಿಲೋದ ಆಸುಪಾಸಿನ ತೂಕ, ಹಿಡಿ ತಿರುವಿದರೆ ಚಿಮ್ಮುವ ಎಂಜಿನ್ನು. ಚಿಕ್ಕಮಗಳೂರಿಗೆ ಮಣ್ಣಿನ ಮೋಟಾರು ಪಂದ್ಯ ಹೊಸದಲ್ಲ. ಇಲ್ಲಿನ ತೋಟದ ರಸ್ತೆಗಳಲ್ಲಿ ರಾಷ್ಟ್ರಮಟ್ಟದ ಕಾರು ರ‍್ಯಾಲಿಗಳು ನಡೆದಿವೆ, ಬೆಳೆಗಾರರ ಮನೆಗಳಲ್ಲಿ ಅದರ ಹುಚ್ಚು ಹಳೆಯದು. ಅವರ ಹುಡುಗರು ಸುಗ್ಗಿ ಮುಗಿದ ಗದ್ದೆಯಲ್ಲಿ ಆರ್‌ಎಕ್ಸ್ ಓಡಿಸುತ್ತಿದ್ದರು. ಬೈಕನ್ನು ಬರೀ ಖುಷಿಗೆಂದು ಕೆಸರಿಗೆ ಇಳಿಸಿದ್ದನ್ನು ನಾನು ಮೊದಲು ಕಂಡದ್ದು ಅಲ್ಲಿ. ಮಾವನಿಗೆ ಅದು ಹಿಡಿಸಲಿಲ್ಲ, ಆದರೆ ಕೆಲಸಕ್ಕೆ ಇಲ್ಲ ಎನ್ನಲಿಲ್ಲ.

1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ ವರ್ಷ. ಮುಂದೆ ಸುಮಾರು ಹದಿನೈದು ವರ್ಷ ಗ್ಯಾರೇಜಿಗೆ ಬಂದವೆಲ್ಲ ಮೈಲೇಜಿನ ಬೈಕುಗಳು. ಆಯಿಲ್ ಬದಲಿಸು, ಬ್ರೇಕ್ ಬಿಗಿ ಮಾಡು, ಕಳಿಸು. ಆ ವರ್ಷಗಳ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಅಷ್ಟರಲ್ಲಿ ತೋಟದ ದಾರಿಗಳಿಗೆ ಜಲ್ಲಿ ಬಿತ್ತು, ಎಷ್ಟೋ ಕಡೆ ಕಾಂಕ್ರೀಟೂ ಬಂತು. ರೈಟರುಗಳು ಸ್ಕೂಟರಿನಲ್ಲಿ ಓಡಾಡತೊಡಗಿದರು.

2011ರಲ್ಲಿ ಹೀರೋದ ಇಂಪಲ್ಸ್ ಬಂದಾಗ ಮಾವ ಅದರ ಸುತ್ತ ಎರಡು ಸುತ್ತು ಹಾಕಿ ನೋಡಿದ್ದು ನೆನಪಿದೆ. ಎತ್ತರದ ಮಡ್‌ಗಾರ್ಡು, ಉದ್ದದ ಫೋರ್ಕು, ಮೇಲಕ್ಕೇರಿಸಿದ ಸೈಲೆನ್ಸರು. ಅವರು ಗ್ಯಾಸ್ ವೆಲ್ಡಿಂಗಿನಲ್ಲಿ ಮಾಡುತ್ತಿದ್ದುದೆಲ್ಲ ಅದರಲ್ಲಿ ಕಾರ್ಖಾನೆಯಿಂದಲೇ ಬಂದಿತ್ತು. 150 ಸಿಸಿಯ ಆ ಬೈಕು ಹೆಚ್ಚು ಮಾರಾಟವಾಗದೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 2015ರಲ್ಲಿ ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ ಡಾಕರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು, 36ನೇ ಸ್ಥಾನದಲ್ಲಿ. ಮರುವರ್ಷ ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ ಬಂತು. 411 ಸಿಸಿ, ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ. ಅದೇ ಮಳೆಗಾಲಕ್ಕೆ ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಸಾಲಾಗಿ ಬೈಕುಗಳು ಬರತೊಡಗಿದವು. ಕೆಸರಿಲ್ಲದ ದಾರಿ ಬೇಕೆಂದು ನಮ್ಮವರು ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದ ಊರಿಗೆ ಈಗ ಕೆಸರನ್ನು ಹುಡುಕಿಕೊಂಡು ಜನ ಬಂದರು. ನಾನು ಕಂಡ ಬದಲಾವಣೆಗಳಲ್ಲಿ ಇದೇ ದೊಡ್ಡದು.

ಅಷ್ಟು ಹೊತ್ತಿಗೆ ಗ್ಯಾರೇಜು ಮಾವನ ಮಗನ ಕೈಗೆ ಬಂದಿತ್ತು. ಬೆಂಗಳೂರಿನಲ್ಲಿ ಫ್ಯುಯೆಲ್ ಇಂಜೆಕ್ಷನ್ ಕೆಲಸ ಕಲಿತು ಬಂದವನು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಜಾರಿಯಾಗಿ ಕಾರ್ಬೊರೇಟರಿನ ಕಾಲ ಬಹುಮಟ್ಟಿಗೆ ಮುಗಿಯಿತು. ಎಂಜಿನ್ನಿನ ಶಬ್ದ ಕೇಳಿ ಕಾರ್ಬೊರೇಟರಿನ ಸ್ಕ್ರೂ ತಿರುವುತ್ತಿದ್ದ ಮಾವ ಒಂದು ದಿನ ಮಗ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ದೋಷದ ಸಂಖ್ಯೆ ಓದುವುದನ್ನು ಬಹಳ ಹೊತ್ತು ನೋಡುತ್ತ ನಿಂತರು. "ಆ ಸಂಖ್ಯೆ ಸೆನ್ಸರ್ ಕೆಟ್ಟಿದೆ ಅಂತ ಹೇಳ್ತದೋ, ವೈರ್ ಕಿತ್ತಿದೆ ಅಂತ್ಲೋ?" ಎಂದು ಕೇಳಿದರು. ಕೇಳಬೇಕಾದದ್ದೇ ಅದು. ಯಂತ್ರ ತೋರಿಸುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಎಂದಷ್ಟೆ. ಕೆಸರಿನ ಬೈಕಿನಲ್ಲಿ ಹತ್ತಕ್ಕೆ ಆರು ಸಲ ಕೆಟ್ಟಿರುವುದು ಸೆನ್ಸರಲ್ಲ, ನೀರು ಹೊಕ್ಕು ಹಸಿರುಗಟ್ಟಿದ ಕನೆಕ್ಟರ್. ಅದನ್ನು ಕೈಯಲ್ಲೇ ಹುಡುಕಬೇಕು.

ಎಬಿಎಸ್ ರಸ್ತೆಯಲ್ಲಿ ಜೀವ ಉಳಿಸುವ ವಸ್ತು. ಆದರೆ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಒಂದಿಷ್ಟು ಕಚ್ಚಿ ಜಾರಬೇಕು, ಎಬಿಎಸ್ ಅದಕ್ಕೆ ಬಿಡುವುದಿಲ್ಲ. ಮೊದಲು ಬಂದವರು ಫ್ಯೂಸ್ ಕಿತ್ತು ಹಾಕಿಸಿಕೊಳ್ಳುತ್ತಿದ್ದರು, ಮರಳಿ ಹಾಕದೆ ಹೆದ್ದಾರಿಗೂ ಹಾಗೆಯೇ ಹೋಗಿಬಿಡುತ್ತಿದ್ದರು. 2020ರ ಹಿಮಾಲಯನ್‌ನಲ್ಲಿ ಹಿಂದಿನ ಚಕ್ರದ ಎಬಿಎಸ್ ಆರಿಸಲು ಗುಂಡಿಯೇ ಬಂದದ್ದು ನನಗೆ ದೊಡ್ಡ ನೆಮ್ಮದಿಯಾಯಿತು.

ಈಗ ಬೈಕಿಗೆ ಹೊಸದನ್ನು ಕೂರಿಸುವ ವಿಷಯ. ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಬಿಎಸ್ 6 ಹಿಮಾಲಯನ್ ತೂಕ 199 ಕಿಲೋ. ಅದಕ್ಕೆ ಉಕ್ಕಿನ ಕ್ರ್ಯಾಶ್ ಗಾರ್ಡು, ಹಿಂದೆ ಮೂರು ಪೆಟ್ಟಿಗೆ, ಅವುಗಳ ಚೌಕಟ್ಟು, ನಾಲ್ಕು ದೀಪ ಹಾಕಿಸಿ ಬಂದವರನ್ನು ಕಂಡಿದ್ದೇನೆ. ಭಾರವೆಲ್ಲ ಹಿಂದೆ, ಅದೂ ಎತ್ತರದಲ್ಲಿ. ಏರು ಹತ್ತುವಾಗ ಮುಂದಿನ ಚಕ್ರ ನೆಲ ಬಿಡುತ್ತದೆ, ಬಿದ್ದ ಬೈಕನ್ನು ಒಬ್ಬರೇ ಎತ್ತಲು ಆಗುವುದಿಲ್ಲ. ದೀಪದ ವೈರನ್ನು ರಿಲೇ ಇಲ್ಲದೆ, ಫ್ಯೂಸಿಲ್ಲದೆ ಹೆಡ್‌ಲೈಟಿನಿಂದ ಎಳೆದಿರುತ್ತಾರೆ. ಮಳೆಯಲ್ಲಿ ಅದು ಶಾರ್ಟ್ ಆಗಿ ನಡುಕಾಡಿನಲ್ಲಿ ನಿಂತ ಬೈಕುಗಳು ನಮ್ಮ ಗ್ಯಾರೇಜಿಗೆ ಪಿಕಪ್‌ನಲ್ಲಿ ಬಂದಿವೆ. ಹಣವಿದ್ದರೆ ಮೊದಲು ಟೈರಿಗೆ ಹಾಕಲಿ. ಮಣ್ಣು ಕಚ್ಚುವ ಗುಬುಟಿನ ಟೈರು ಕೊಡುವ ಹಿಡಿತವನ್ನು ಬೇರೆ ಯಾವುದೂ ಕೊಡದು. ಆಮೇಲೆ ಎಂಜಿನ್ನಿನ ಅಡಿಯ ಗಟ್ಟಿ ತಟ್ಟೆ, ಕೈಹಿಡಿಯ ಗಾರ್ಡು. ಬಿದ್ದಾಗ ಕ್ಲಚ್ ಲಿವರ್ ಮುರಿದರೆ ಪ್ರಯಾಣ ಅಲ್ಲಿಗೇ ಮುಗಿಯಿತು.

ಅದಾದ ಮೇಲೆ ಸಸ್ಪೆನ್ಷನ್. ಇದನ್ನು ಕೊಳ್ಳುವ ಮೊದಲು ಇರುವುದನ್ನು ಹೊಂದಿಸಿಕೊಳ್ಳಬೇಕು. ಮಾವನ ಮಗ ಪ್ರತಿ ಗಿರಾಕಿಯನ್ನೂ ಹೆಲ್ಮೆಟ್ಟು, ಜಾಕೆಟ್ಟು, ಸಾಮಾನು ಸಮೇತ ಬೈಕಿನ ಮೇಲೆ ಕೂರಿಸುತ್ತಾನೆ. "ಭಾವ, ಸ್ವಲ್ಪ ಟೇಪ್ ಹಿಡೀರಿ" ಎಂದು ನನ್ನನ್ನು ಕರೆಯುತ್ತಾನೆ. ಹಿಂದಿನ ಚಕ್ರ ಗಾಳಿಯಲ್ಲಿದ್ದಾಗ ಒಂದು ಅಳತೆ, ಸವಾರ ಕೂತಾಗ ಇನ್ನೊಂದು. ಸಸ್ಪೆನ್ಷನ್ನಿನ ಒಟ್ಟು ಚಲನೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕುಸಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ಸ್ಪ್ರಿಂಗ್ ಬಿಗಿ ಮಾಡಬೇಕು. ಬಿಗಿ ಮಾಡಿಯೂ ಆಗದಿದ್ದರೆ ಸ್ಪ್ರಿಂಗೇ ಬದಲಿಸಬೇಕು. ಎಕ್ಸ್‌ಪಲ್ಸ್ 200 ಬೈಕಿಗೆ 2020ರಲ್ಲಿ ಹೀರೋ ಕಂಪನಿಯೇ ರ‍್ಯಾಲಿ ಕಿಟ್ ತಂದಿತು. ಮುಂದೆ 250 ಮಿ.ಮೀ., ಹಿಂದೆ 220 ಮಿ.ಮೀ. ಚಲನೆಯ ಸಸ್ಪೆನ್ಷನ್, ಮಣ್ಣಿನ ಟೈರು. ನೀರಿನ ಪೈಪು ಕೊಯ್ಯುತ್ತಿದ್ದ ಮಾವ ಆ ಉದ್ದದ ಫೋರ್ಕನ್ನು ಕೈಯಲ್ಲಿ ಹಿಡಿದು ಮೆಚ್ಚಿಕೊಂಡರು. ಹಗುರ ಬೈಕು, ಒಳ್ಳೆಯ ಸಸ್ಪೆನ್ಷನ್: ನಮ್ಮ ಕಡೆಯ ದಾರಿಗೆ ನನ್ನ ಆಯ್ಕೆ ಇವತ್ತಿಗೂ ಇದೇ.

ಕೆಸರಿನಿಂದ ಬಂದ ಮೇಲೆ ಮಾಡುವ ಕೆಲಸಕ್ಕೆ ಯಾರೂ ಫೋಟೊ ತೆಗೆಯುವುದಿಲ್ಲ, ಬೈಕಿನ ಆಯಸ್ಸು ಇರುವುದು ಅಲ್ಲಿ. ಜೋರು ನೀರಿನ ಗನ್ನನ್ನು ಚಕ್ರದ ಬೇರಿಂಗಿಗೆ, ಹ್ಯಾಂಡಲಿನ ಬುಡದ ಕೋನ್‌ಸೆಟ್ಟಿಗೆ ನೇರ ಹಿಡಿದರೆ ಸೀಲು ದಾಟಿ ನೀರು ಒಳಹೋಗಿ ಗ್ರೀಸು ತೊಳೆದುಹೋಗುತ್ತದೆ. ಹ್ಯಾಂಡಲ್ ನಡುವೆ ಕಚ್ಚಿದಂತಾದರೆ ಕೋನ್‌ಸೆಟ್ ಗುಂಡಿ ಬಿದ್ದಿದೆ ಎಂದರ್ಥ. ಗುಂಡುಗಳ ಬೇರಿಂಗಿನ ಬದಲು ಟೇಪರ್ ರೋಲರ್ ಬೇರಿಂಗ್ ಹಾಕಿಸಿದರೆ ಹೆಚ್ಚು ಬಾಳುತ್ತದೆ, ನಿಜವಾಗಿ ಉಪಯೋಗಕ್ಕೆ ಬರುವ ಬದಲಾವಣೆಗಳಲ್ಲಿ ಇದೊಂದು. ಏರ್ ಫಿಲ್ಟರ್ ತೆರೆದು ನೋಡಬೇಕು. ಬೇಸಿಗೆಯ ಕೆಂಧೂಳಿಗೆ ಕಾಗದದ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಫೋಮಿನದ್ದಾದರೆ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಲ್ಲಿ ಮೀಟುತ್ತ ಹೋದರೆ ಸಡಿಲವಾದದ್ದು ಶಬ್ದದಲ್ಲೇ ಗೊತ್ತಾಗುತ್ತದೆ. ಮಾವ ಅದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು. ಹಳ್ಳದಲ್ಲಿ ಮುಳುಗಿದ ಬೈಕಾದರೆ ಆಯಿಲ್ ನೋಡುವ ಗಾಜಿನಲ್ಲಿ ಹಾಲು ಹಾಕಿದ ಚಹದ ಬಣ್ಣ ಕಾಣುತ್ತದೆ. ಕಂಡರೆ ಆ ಆಯಿಲ್ ಬಿಟ್ಟು ಹೊಸದು ಹಾಕಿ, ಸ್ವಲ್ಪ ಓಡಿಸಿ, ಅದನ್ನೂ ಬಿಟ್ಟು ಇನ್ನೊಮ್ಮೆ ಹಾಕಬೇಕು. ದುಡ್ಡಿನ ಆಸೆಗೆ ಹೇಳುತ್ತಾರೆ ಎಂದು ಗಿರಾಕಿಗಳು ಅನುಮಾನಪಡುವುದು ಇಲ್ಲಿಯೇ. ಆದರೆ ಕ್ರ್ಯಾಂಕಿನ ಬೇರಿಂಗಿನ ಮುಂದೆ ಒಂದು ಡಬ್ಬಿ ಆಯಿಲ್ ಲೆಕ್ಕಕ್ಕಿಲ್ಲ.

ಒಂದು ಮಾತು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನ ಮೇಲೆ ಗುಬುಟಿನ ಟೈರು ಹಾಯ್ದರೆ ಹುಲ್ಲಿನ ಬೇರು ಕಿತ್ತುಬರುತ್ತದೆ. ಆ ಗೀರಿನಲ್ಲೇ ಮಳೆನೀರು ಹರಿದು ಮರುವರ್ಷಕ್ಕೆ ಕಾಲುವೆಯಾಗುತ್ತದೆ. ಶೋಲಾ ಕಾಡಿನ ಹಳ್ಳಗಳಿಗೆ ವರ್ಷವಿಡೀ ನೀರುಣಿಸುವುದು ಆ ಹುಲ್ಲು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವುದು ಅಪರಾಧ ಎಂಬುದು ಒಂದು, ನಮ್ಮೂರಿನ ಕುಡಿಯುವ ನೀರು ಎಂಬುದು ಇನ್ನೊಂದು. ಕಲಿಯುವ ಆಸೆ ಇರುವವರಿಗೆ ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಂಥ ಜಾಗಗಳಿವೆ. ಮಾವನ ಮಗ ಹುಲ್ಲುಗಾವಲಿನ ದಾರಿ ಕೇಳಿದವರಿಗೆ ಹೇಳುವುದಿಲ್ಲ. ಅದರಿಂದ ಗಿರಾಕಿ ಕಳೆದುಕೊಂಡದ್ದೂ ಇದೆ.

2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂತು, ಅದೂ ಯೆಜ್ಡಿ ಅಡ್ವೆಂಚರ್ ಎಂಬ ಬೈಕಿನ ಮೇಲೆ. 334 ಸಿಸಿ, ನೀರಿನಿಂದ ತಂಪಾಗುವ ಎಂಜಿನ್ನು, ಎಬಿಎಸ್‌ಗೆ ಮೂರು ಬಗೆ. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮಾವ ಅದನ್ನು ನೋಡಿ ಮೊದಲು ಬಗ್ಗಿದ್ದು ಚೈನಿನ ಕಡೆಗೆ. ಈ ಬಗೆಯ ಹೊಸ ಬೈಕುಗಳಂತೆ ಅದರ ಚೈನೂ ಬಯಲಿಗೆ ತೆರೆದುಕೊಂಡಿತ್ತು. "ಇದಕ್ಕೆ ಎಣ್ಣೆ ಹಾಕೋರು ಬೇಕಲ್ಲ" ಎಂದರು.

2023ರ ಕೊನೆಗೆ 452 ಸಿಸಿಯ ಹೊಸ ಹಿಮಾಲಯನ್ ಬಂದ ಮೇಲೆ ಹಳೆಯ 411 ನಿಂತಿತು. ಹೊಸದರಲ್ಲಿ ನಾಲ್ಕು ವಾಲ್ವು, ಎರಡು ಕ್ಯಾಮ್‌ಶಾಫ್ಟು. ಅದರ ವಾಲ್ವ್ ಅಂತರ ಸರಿಪಡಿಸುವುದು ಬಿಡುವು ಮಾಡಿಕೊಂಡು ಕೂರಬೇಕಾದ ಕೆಲಸ. 411ರದ್ದು ಸ್ಕ್ರೂ ಇರುವ ಟ್ಯಾಪೆಟ್. ಫೀಲರ್ ಗೇಜು, ಒಂದು ಸ್ಪ್ಯಾನರು ಇದ್ದರೆ ಎಂಜಿನ್ ತಣ್ಣಗಿರುವಾಗ ಎಲ್ಲಿಯಾದರೂ ಸರಿ ಮಾಡಬಹುದು. ವಾರಂಟಿ ಮುಗಿದ 411ಗಳು ಈಗ ಷೋರೂಮು ಬಿಟ್ಟು ನಮ್ಮ ಗ್ಯಾರೇಜಿನ ಕಡೆ ತಿರುಗಿವೆ. ಗ್ಯಾರೇಜಿನ ಹುಡುಗರಿಬ್ಬರೂ ಸ್ಕ್ಯಾನರಿನಲ್ಲಿ ಚುರುಕು, ಟ್ಯಾಪೆಟ್ ಹಿಡಿದವರಲ್ಲ. ಎಪ್ಪತ್ತು ದಾಟಿದ ಮಾವ ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂತು ಅವರಿಗೆ ಅದನ್ನು ಕಲಿಸುತ್ತಿದ್ದಾರೆ. ಲಾಕ್‌ನಟ್ ಬಿಗಿ ಮಾಡಿದ ಮೇಲೆ ಗೇಜನ್ನು ಇನ್ನೊಮ್ಮೆ ಹಾಕಿ ನೋಡದೆ ಕವರ್ ಮುಚ್ಚಲು ಬಿಡುವುದಿಲ್ಲ.